ಲೆಕ್ಕ ಉಪ್ಪಿನದು, ಕೈಕೊಟ್ಟಿದ್ದು ನೀರು

ಮೊಲಾರಿಟಿ ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ (ಕಣಗಳನ್ನ ಎಣಿಸೋ ಅಳತೆ) ಕರಗಿದೆ ಅನ್ನೋದು ಅಷ್ಟೇ, ಒಂದು ಸಾಲಿನ ಫಾರ್ಮುಲಾ, ಇದ್ರಲ್ಲಿ ತಪ್ಪೋಕೆ ಏನಿದೆ ಅಂತ ನಾನೂ ಅಂದ್ಕೊಂಡಿದ್ದೆ. ಆಮೇಲೆ ಲ್ಯಾಬಲ್ಲಿ ತಪ್ಪಿದೆ, ಅದೂ ಬಹಳ ನೀಟಾಗಿ, ಎರಡು ಡೆಸಿಮಲ್ ತನಕ ತೂಗಿ.

250 ಎಂಎಲ್ ಕಾಪರ್ ಸಲ್ಫೇಟ್ ದ್ರಾವಣ, 0.1 ಮೋಲಾರ್, ಮಾಡ್ಬೇಕಿತ್ತು. 0.1ನ್ನ 0.25 ಲೀಟರಿಂದ ಗುಣಿಸಿದ್ರೆ 0.025 ಮೋಲ್, ಅದಕ್ಕೆ ಕಾಪರ್ ಸಲ್ಫೇಟಿನ ಮೋಲಾರ್ ಮಾಸ್, ಅಂದ್ರೆ ಒಂದು ಮೋಲಿನ ತೂಕ, 159.6 ಗ್ರಾಂ, ಗುಣಿಸಿದ್ರೆ 3.99 ಗ್ರಾಂ, ತೂಗಿ ಕರಗಿಸಿ ಮುಗಿಸ್ದೆ. ಪಕ್ಕದವನ ಫ್ಲಾಸ್ಕ್ ಜೊತೆ ಇಟ್ಟು ನೋಡಿದ್ರೆ ನಂದು ಯಾಕೋ ತೆಳು ನೀಲಿ, ಅವನದು ಗಾಢ. ಅವನದೇ ತಪ್ಪು ಅಂತ ವಾದ ಬೇರೆ ಮಾಡ್ದೆ. ಅಟೆಂಡರ್ ಬಂದು ಬಾಟಲಿ ತಿರುಗಿಸಿ ತೋರಿಸಿ, "ಲೇಬಲ್ ಪೂರ್ತಿ ಓದಪ್ಪ" ಅಂದ್ರು. ಪೆಂಟಾಹೈಡ್ರೇಟ್! ಒಂದೊಂದು ಕಾಪರ್ ಸಲ್ಫೇಟ್ ಜೊತೆ ಐದೈದು ನೀರಿನ ಅಣು ಹರಳೊಳಗೇ ಕೂತಿರುತ್ತೆ, ಅವನ್ನೂ ಸೇರಿಸಿದ್ರೆ 249.7, ಅಂದ್ರೆ ನಾನು ತೂಗ್ಬೇಕಿದ್ದಿದ್ದು 6.24 ಗ್ರಾಂ. ತಮಾಷೆ ಏನಂದ್ರೆ ಆ ನೀಲಿ ಬಣ್ಣಾನೇ ಸುಳಿವು ಕೊಡ್ತಿತ್ತು, ನೀರು ಪೂರ್ತಿ ಬಿಟ್ಟ ಕಾಪರ್ ಸಲ್ಫೇಟ್ ಬಿಳಿ ಪುಡಿ.

ಸರಿ ಹಾಗಾದ್ರೆ ಇನ್ನೊಂದು 2.25 ಗ್ರಾಂ ಇದಕ್ಕೇ ಹಾಕಿಬಿಡ್ಲಾ ಅಂತ ಕೇಳ್ದೆ. ಬೇಡ, ಆಗ್ಲೇ ಫ್ಲಾಸ್ಕಿನ ಗುರುತಿನ ತನಕ ತುಂಬಿಸಿದ್ದೀಯ, ಮೇಲೆ ಹೋಗುತ್ತೆ ಅಂದ್ರು. ಇದು ಎರಡನೇ ನೀರಿನ ಕಥೆ. ಅಡುಗೆ ಉಪ್ಪಿಗೆ ಹರಳಲ್ಲಿ ನೀರಿಲ್ಲ, ಸೋಡಿಯಂ 22.99, ಕ್ಲೋರಿನ್ 35.45, ಒಟ್ಟು 58.44 ಗ್ರಾಂ ಒಂದು ಮೋಲ್, ಆದ್ರೆ ಅದನ್ನ ಒಂದು ಲೀಟರ್ ನೀರಿಗೆ ಸುರಿದ್ರೆ 1 ಮೋಲಾರ್ ಆಗಲ್ಲ, ಉಪ್ಪೂ ಜಾಗ ತಗೊಳ್ಳುತ್ತೆ, ದ್ರಾವಣ ಲೀಟರಿಗಿಂತ ಸ್ವಲ್ಪ ಜಾಸ್ತಿಯಾಗಿ ಮೊಲಾರಿಟಿ ಸುಮಾರು 0.98ಕ್ಕೆ ಇಳಿಯುತ್ತೆ. ಉಪ್ಪು ಇನ್ನು ಕರಗಲ್ಲ ಅನ್ನೋ ತನಕ ಹಾಕಿದ್ರೆ ಲೀಟರ್ ನೀರಿಗೆ ಆರು ಮೋಲ್ ದಾಟುತ್ತೆ, ಆದ್ರೆ ಮೊಲಾರಿಟಿ ಸುಮಾರು 5.4 ಅಷ್ಟೇ. ಅದಕ್ಕೇ ಮೊದ್ಲು ಕಮ್ಮಿ ನೀರಲ್ಲಿ ಕರಗಿಸಿ, ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಹಾಕಿ, ಬೀಕರ್ ತೊಳೆದ ನೀರನ್ನೂ ಅದಕ್ಕೇ ಸುರಿದು (ಇದನ್ನ ಮರೆಯೋರೇ ಜಾಸ್ತಿ), ಕೊನೆಗೆ ಕಣ್ಣ ಮಟ್ಟಕ್ಕೆ ಹಿಡಿದು ಒಂದೊಂದೇ ಹನಿ ಬಿಟ್ಟು ಗುರುತಿಗೆ ತರೋದು. ಒಂದು ಹನಿ ಜಾಸ್ತಿಯಾದ್ರೆ ಹೀರಿ ತೆಗೆಯೋಹಾಗಿಲ್ಲ, ನೀರಿನ ಜೊತೆ ಉಪ್ಪೂ ಬಂದ್ಬಿಡುತ್ತೆ.

ಹೊಸದು ಮಾಡ್ದೆ. ಹಳೇದನ್ನ ಚೆಲ್ಲೋಕೆ ಹೋಗಿದ್ದೆ, ಆಮೇಲೆ ಕೂತು ಲೆಕ್ಕ ಹಾಕ್ದೆ, 3.99 ಭಾಗಿಸು 249.7, ಅದನ್ನ ಮತ್ತೆ 0.25ರಿಂದ ಭಾಗಿಸಿದ್ರೆ 0.064. ಅದೇ ಲೇಬಲ್ ಅಂಟಿಸಿ ಶೆಲ್ಫಲ್ಲಿಟ್ಟೆ.