ಇಪ್ಪತ್ತು ಗ್ರಾಂ ಸೀಸ ಹಿಡಿದು ಮತ್ತೆ ಪಡುಕೆರೆಗೆ

ಸೆಪ್ಟೆಂಬರ್, ಚೌತಿ ಕಳೆದ ಮೇಲೆ

ಅಟ್ಟದಿಂದ ಮೀನು ಹಿಡಿಯುವ ಹಳೇ ರಾಡ್ ಇಳಿಸಿದೆ. ಏಳು ವರ್ಷ ಮುಟ್ಟಿರಲಿಲ್ಲ. ಹನ್ನೆರಡು ಅಡಿ ಉದ್ದ, ಒನಕೆಯಷ್ಟು ಭಾರ. ಅದರ ಜೊತೆಗಿದ್ದ ದೊಡ್ಡ ರೀಲಿನ ಹಿಡಿಕೆ ತಿರುಗಿಸಿದರೆ ಹಳೇ ಗ್ರೈಂಡರಿನ ಸದ್ದು. ಡಬ್ಬಿಯಲ್ಲಿ 120 ಗ್ರಾಂ ಸೀಸದ ಪಿರಮಿಡ್‌ಗಳು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡ ಗಾಳಗಳು. ಆಗ ನಮ್ಮ ಗುಂಪಿನಲ್ಲಿ ಒಂದೇ ಪೈಪೋಟಿ: ಯಾರ ಸೀಸ ಎಷ್ಟು ದೂರ ಬೀಳುತ್ತದೆ ಅಂತ. ಮೀನಿನ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಕೇಳುವಂಥದ್ದೂ ಇರಲಿಲ್ಲ ಅನ್ನಿ.

ಬೆಂಗಳೂರು ಬಿಟ್ಟು ಉಡುಪಿಗೆ ವಾಪಸ್ ಬಂದಿದ್ದೇನೆ. ಆದರೆ ಬಲ ಭುಜ ಮೊದಲಿನ ಹಾಗಿಲ್ಲ. ಕಳೆದ ವರ್ಷ ಹಿಡಿದುಕೊಂಡು ಎಂಟು ತಿಂಗಳು ಶರ್ಟ್ ಹಾಕುವುದೂ ಕಷ್ಟವಾಗಿತ್ತು. ಫಿಸಿಯೋ ಹೇಳಿದ್ದು ಇಷ್ಟೇ: ಭಾರ ಎತ್ತಿ ಜಾಡಿಸಬೇಡಿ. ಹಾಗಾಗಿ ಈ ಸಲ ಹಗುರ ಸಾಮಾನು. ಒಂಬತ್ತು ಅಡಿ ರಾಡ್, 10ರಿಂದ 30 ಗ್ರಾಂ ಎಸೆಯುವಂಥದ್ದು. 3000 ಸೈಜಿನ ರೀಲ್. 10 ಪೌಂಡ್ ಭಾರ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ಅದರ ಮುಂದೆ ಒಂದೂವರೆ ರಾಡ್ ಉದ್ದದಷ್ಟು 20 ಪೌಂಡಿನ ಲೀಡರ್, ಎಸೆತದ ಜಗ್ಗು ತಡೆಯುವ ದಪ್ಪ ದಾರ. ಹಳೇ ಲೆಕ್ಕದಲ್ಲಿ ಔನ್ಸ್ ಸೀಸಕ್ಕೆ 10 ಪೌಂಡ್ ಲೀಡರ್ ಅನ್ನುತ್ತಾರೆ. 20 ಗ್ರಾಂ ಸೀಸ ಒಂದು ಔನ್ಸೂ ಆಗುವುದಿಲ್ಲ, ಅಂದರೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ.

ಹಿಡಿಯಬೇಕು ಅಂದುಕೊಂಡಿರುವುದು ಕಾಣೆ ಮೀನು, ಇಂಗ್ಲಿಷಿನವರ ಲೇಡಿಫಿಶ್. ಬೇರೆ ಯಾವುದೂ ಅಲ್ಲ.

ಸೆಪ್ಟೆಂಬರ್ ಕೊನೆ, ಮೊದಲ ದಿನ

ಸೊನ್ನೆ.

ಎಲ್ಲಿಗೆ ಹೋಗುವುದು ಅನ್ನುವುದೇ ಮೊದಲ ಪ್ರಶ್ನೆಯಾಗಿತ್ತು. ಕಾಪುವಿನಲ್ಲಿ 1901ರ ದೀಪಸ್ತಂಭದ ಸುತ್ತ ಬಂಡೆ. ನೋಡಲಿಕ್ಕೆ ಚಂದ, ಸೀಸ ಮಾತ್ರ ಒಂದೊಂದಾಗಿ ನುಂಗುತ್ತದೆ. ಪಡುಬಿದ್ರಿ ಬೀಚಿಗೆ 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅಲ್ಲಿ ಈಜುವವರ ನಡುವೆ ಗಾಳ ಎಸೆಯುವುದು ಸರಿಯಲ್ಲ. ಕೊನೆಗೆ ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಹೋದೆ. ಒಂದು ಪಕ್ಕ ಉದ್ಯಾವರ ಹೊಳೆ, ಇನ್ನೊಂದು ಪಕ್ಕ ಕಡಲು, ನಡುವೆ ತೆಂಗಿನ ಮರಗಳ ಸಪೂರ ಪಟ್ಟಿ. ಕಡಲ್ಕೊರೆತಕ್ಕೆ ಹಾಕಿದ ಕಲ್ಲು ದಾಟಿದರೆ ಕೆಳಗೆ ಪೂರ್ತಿ ಮರಳು.

ಮಳೆಗಾಲ ಮರಳನ್ನು ಕಿತ್ತು ಒಳಗೆ ಒಯ್ದಿತ್ತು. ದಂಡೆ ಕಡಿದು ಇಳಿಜಾರಾಗಿತ್ತು. ನೀರು ಚಹಾ ಬಣ್ಣ. 20 ಗ್ರಾಂ ಸೀಸ ಒಂದು ನಿಮಿಷವೂ ನಿಲ್ಲಲಿಲ್ಲ; ತೆರೆ ಅದನ್ನು ಉರುಳಿಸಿಕೊಂಡು ಬಂದು ನನ್ನ ಕಾಲ ಬುಡಕ್ಕೇ ಹಾಕಿ ಹೋಗುತ್ತಿತ್ತು. ದಾರದ ತುಂಬ ಕಸ, ಎಲೆ, ಎರಡು ಶ್ಯಾಂಪೂ ಪೊಟ್ಟಣ. ಹಗುರ ಗಾಳಕ್ಕೆ ಎಲ್ಲ ದಿನವೂ ದಿನವಲ್ಲ ಅಂತ ಡೈರಿಯಲ್ಲಿ ಬರೆದುಕೊಂಡೆ.

ಅಕ್ಟೋಬರ್, ಗಂಟಿನ ವಾರ

ಕಡಲಿಗೆ ಹೋಗಲಿಲ್ಲ. ಬ್ರೇಡಿಗೂ ಲೀಡರಿಗೂ ಗಂಟು ಹಾಕುವುದರಲ್ಲೇ ವಾರ ಹೋಯಿತು. ಈಗ ಎಲ್ಲರೂ ಎಫ್‌ಜಿ ಗಂಟು ಅನ್ನುತ್ತಾರೆ. ಬ್ರೇಡನ್ನು ಲೀಡರಿನ ಮೇಲೆ ಜಡೆ ಹೆಣೆದ ಹಾಗೆ ಅಡ್ಡಡ್ಡ ಸುತ್ತಿ ಬಿಗಿಯುವುದು. ಗಂಟು ಸಪೂರ, ರಾಡಿನ ಉಂಗುರಗಳಲ್ಲಿ ತಡೆಯದೆ ಜಾರುತ್ತದೆ. ಒಂದು ಗಂಟಿಗೆ ನಲವತ್ತು ನಿಮಿಷ ತಗೊಂಡೆ, ಅದೂ ಫ್ಯಾನ್ ಆರಿಸಿ, ಕನ್ನಡಕ ಹಾಕಿ. ಎಳೆದು ನೋಡಿದರೆ ಬಿಚ್ಚಿಕೊಂಡಿತು. ಅಮ್ಮ ಪಕ್ಕದಲ್ಲಿ ಕೂತು ಅಷ್ಟು ಹೊತ್ತಿನಲ್ಲಿ ಮೂರು ಮಾರು ಮಲ್ಲಿಗೆ ಕಟ್ಟಿದಳು. ಆರನೇ ಸಲಕ್ಕೆ ಸರಿಯಾಯಿತು. ದಂಡೆಯಲ್ಲಿ ಕಿತ್ತುಹೋದರೆ ಮಾತ್ರ ಡಬಲ್ ಯೂನಿ ಅನ್ನುವ ಸುಲಭದ ಗಂಟು ಹಾಕುತ್ತೇನೆ. ಅದಕ್ಕೆ ಎರಡು ನಿಮಿಷ ಸಾಕು.

ಅಕ್ಟೋಬರ್, ಅಮಾವಾಸ್ಯೆ ಕಳೆದು ಎರಡನೇ ದಿನ

ಇದೊಂದು ದಿನದ ಬಗ್ಗೆ ಉದ್ದ ಬರೆಯಬೇಕು.

ಬೆಳಿಗ್ಗೆ ಆರಕ್ಕೆ ಹೋದಾಗ ನೀರು ಪೂರ್ತಿ ಇಳಿದಿತ್ತು. ಮೂಡಗಾಳಿ ಬೆನ್ನಿಗೆ ತಣ್ಣಗೆ ಬೀಸುತ್ತಿತ್ತು. ಕಡಲು ಹಾಸಿದ ಹಾಗಿತ್ತು. ನಾನು ಮಾಮೂಲಿನಂತೆ ಮೊಣಕಾಲುದ್ದ ನೀರಿಗಿಳಿದು ಆದಷ್ಟು ದೂರ ಎಸೆದೆ. ಹೊಸ ರಾಡಿನಲ್ಲೂ ಅರವತ್ತು ಮೀಟರ್ ಹೋಗುತ್ತದೆ ಅಂತ ನನ್ನಷ್ಟಕ್ಕೆ ಖುಷಿ. ಒಂದು ಗಂಟೆ ಕಳೆಯಿತು. ಸಿಗಡಿ ತುಂಡು ಹೋದ ಹಾಗೇ ವಾಪಸ್ ಬರುತ್ತಿತ್ತು.

ಸ್ವಲ್ಪ ದೂರದಲ್ಲಿ ಕೈರಂಪಣಿಯವರು, ಅಂದರೆ ದಂಡೆಯಲ್ಲೇ ನಿಂತು ಬಲೆ ಎಳೆಯುವ ಮೀನುಗಾರರು, ತಯಾರಿಯಲ್ಲಿದ್ದರು. ಅವರಲ್ಲೊಬ್ಬ ಅಜ್ಜ ನನ್ನ ಹತ್ತಿರ ಬಂದು ನಿಂತರು. "ಮೀನ್ ತಿಕ್ಕ್‌ಂಡಾ?" ಸಿಕ್ಕಲಿಲ್ಲ ಅಂದೆ. ಬುಟ್ಟಿ ನೋಡಿದರು, ರಾಡ್ ನೋಡಿದರು, ನಾನು ನಿಂತ ಜಾಗ ನೋಡಿದರು. ಆಮೇಲೆ ಕನ್ನಡದಲ್ಲೇ ಹೇಳಿದರು, "ಕಾಣೆ ನಿಮ್ಮ ಹಿಂದೆ ಉಂಟು ಮಾರಾಯ್ರೆ. ನೀವು ಅದರ ಮನೆಯೊಳಗೆ ನಿಂತು ಹೊರಗೆ ಎಸೀತಾ ಇದ್ದೀರಿ."

ನಾಚಿಕೆಯಾಯಿತು. ದಂಡೆಗೆ ಬಂದು ಅವರು ತೋರಿಸಿದ್ದನ್ನು ನೋಡಿದೆ. ನೀರು ಇಳಿದಾಗ ಕಡಲು ತನ್ನ ನಕ್ಷೆಯನ್ನು ತಾನೇ ಬಿಚ್ಚಿಡುತ್ತದೆ. ಸುಮಾರು ಮೂವತ್ತು ಮೀಟರ್ ಆಚೆ ಮರಳಿನ ದಿಬ್ಬ, ಅದರ ಮೇಲೆ ತೆರೆ ಒಡೆದು ಬೆಳ್ಳಗಾಗುತ್ತದೆ. ದಿಬ್ಬಕ್ಕೂ ದಂಡೆಗೂ ನಡುವೆ ಕಾಲುವೆಯಂಥ ತಗ್ಗು. ಅಲ್ಲಿ ತೆರೆ ಒಡೆಯುವುದಿಲ್ಲ, ನೀರಿನ ಬಣ್ಣ ಒಂದು ಚೂರು ಗಾಢ. ನೀರು ಏರುತ್ತಾ ಬಂದ ಹಾಗೆ ಆ ತಗ್ಗಿಗೆ ಮರಳು ಹುಳ, ಸಣ್ಣ ಸಿಗಡಿ, ಏಡಿ ಎಲ್ಲ ಕಿತ್ತುಕೊಂಡು ಬರುತ್ತವೆ. ಕಾಣೆ ಅದನ್ನು ಹೆಕ್ಕಿ ತಿನ್ನಲು ಅಲ್ಲಿಗೇ ಬರುತ್ತದೆ. ಅದರ ಬಾಯಿ ನೋಡಿದರೇ ಗೊತ್ತಾಗಬೇಕಿತ್ತು: ಮೂತಿ ಚೂಪು, ಬಾಯಿ ಸಣ್ಣದು, ಕೆಳಮುಖ. ತಳ ಕೆದಕುವ ಮೀನು. ಹೆದರಿದರೆ ಮರಳಿನೊಳಗೇ ಹುದುಗಿ ಕೂರುತ್ತದೆ. ನಾನೋ, ಅದರ ನಡುಮನೆಯಲ್ಲಿ ಪಚಪಚ ಕಾಲು ಹಾಕಿ ನಿಂತಿದ್ದೆ. ಹಳೇ ದಿನಗಳ 120 ಗ್ರಾಂ ಸೀಸವೆಲ್ಲ ಎಷ್ಟು ಕಾಣೆಗಳ ತಲೆ ಮೇಲಿಂದ ಹಾರಿ ಹೋಗಿತ್ತೋ!

ಹಿಂದಕ್ಕೆ ಬಂದು ಒಣ ಮರಳಿನಲ್ಲಿ ನಿಂತೆ. ಇಪ್ಪತ್ತು ಮೀಟರ್, ಬರೀ ಮಣಿಕಟ್ಟಿನ ಎಸೆತ. ಭುಜಕ್ಕೆ ಕೆಲಸವೇ ಇಲ್ಲ. ನಿಧಾನ ಸುತ್ತಿ, ನಿಲ್ಲಿಸಿ, ಮತ್ತೆ ಸುತ್ತಿ. ಮೂರನೇ ಎಸೆತಕ್ಕೆ ಟಕ್ ಟಕ್ ಅಂತ. ಬಾಗಿಲನ್ನು ಬೆರಳುಗುರಿನಿಂದ ಬಡಿದ ಹಾಗೆ. ಗಾಬರಿಯಾಗಿ ಜೋರಾಗಿ ಎಳೆದೆ. ಗಾಳ ಖಾಲಿ ಬಂತು.

ಅಜ್ಜ ಬಲೆ ಎಳೆಯಲು ಹೋಗಿದ್ದರು, ಸದ್ಯ ನೋಡಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಅವರ ಜೊತೆ ಕೂತೆ. ಅವರ ಹುಡುಗುಪ್ರಾಯದಲ್ಲಿ ದೊಡ್ಡ ರಂಪಣಿಯ ಕಾಲವಂತೆ. ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು. 1970ರ ದಶಕದ ಕೊನೆಗೆ ಮೀನಿನ ಗುಂಪನ್ನೇ ಸುತ್ತಿ ಬಲೆ ಹಾಕುವ ಪರ್ಸೀನ್ ಬೋಟುಗಳು ಬಂದ ಮೇಲೆ ಬಂಗುಡೆ, ಬೂತಾಯಿಯ ರಾಶಿ ದಂಡೆ ತನಕ ಬರುವುದೇ ಕಡಿಮೆಯಾಯಿತು. ರಂಪಣಿ ಹೋಗಿ ಸಣ್ಣ ಕೈರಂಪಣಿ ಉಳಿಯಿತು. ಅವತ್ತು ಅವರಿಗೂ ಬಲೆಯಲ್ಲಿ ಸಿಕ್ಕಿದ್ದು ಎರಡು ಬುಟ್ಟಿಯಷ್ಟೇ.

ಅದೇ ವಾರ, ಶನಿವಾರ

ಎರಡು ಕಾಣೆ! ಒಂದು ಇಪ್ಪತ್ತೊಂದು ಸೆಂಟಿಮೀಟರ್, ಇನ್ನೊಂದು ಹದಿನೈದು. ಸಣ್ಣದನ್ನು ಬಿಟ್ಟೆ. ರಾಡಿನ ಹಿಡಿಯ ಮೇಲೆ ಹೆಂಡತಿಯ ನೇಲ್ ಪಾಲಿಶಿನಲ್ಲಿ 18 ಸೆಂಟಿಮೀಟರಿಗೆ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುಟ್ಟದ್ದು ಕಡಲಿಗೆ. ಇದು ನನ್ನದೇ ನಿಯಮ.

ಏನು ಬದಲಾಯಿತು ಅಂದರೆ, ಒಂದು, ಗಾಳ ಸಣ್ಣದಾಯಿತು. 2ನೇ ನಂಬರಿನಿಂದ 8ನೇ ನಂಬರಿಗೆ ಇಳಿದೆ. ಗಾಳದಲ್ಲಿ ನಂಬರ್ ಏರಿದಷ್ಟೂ ಸೈಜು ಸಣ್ಣ, ಹೊಸಬರಿಗೆ ಇದೇ ತಲೆನೋವು. ಉದ್ದ ಕಾಲಿನದ್ದಾದರೆ ಬಿಡಿಸುವುದು ಸುಲಭ. ಇನ್ನೊಂದು, ಸೀಸ. ಪಿರಮಿಡ್ ಬಿಟ್ಟು ನಡುವೆ ತೂತಿರುವ ಗುಂಡು ಹಾಕಿದೆ. ಅದು ದಾರದ ಮೇಲೆ ಜಾರಾಡುತ್ತದೆ, ಕೆಳಗೆ ಸ್ವಿವೆಲ್ ಅನ್ನುವ ತಿರುಗುವ ಕೊಂಡಿ ತಡೆಯುತ್ತದೆ. ಸ್ವಿವೆಲಿನಿಂದ ಗಾಳಕ್ಕೆ ಎರಡು ಮೊಳ 8 ಪೌಂಡಿನ ಫ್ಲೋರೋಕಾರ್ಬನ್ ದಾರ. ಮೀನು ಎಳೆದಾಗ ಸೀಸದ ಭಾರ ಅದಕ್ಕೆ ತಟ್ಟುವುದಿಲ್ಲ. ಗುಂಡು ಸೀಸ ಮರಳಲ್ಲಿ ನಿಧಾನ ಉರುಳುತ್ತಾ ಒಂದಿಷ್ಟು ಧೂಳೆಬ್ಬಿಸುತ್ತದೆ. ಮೊದಲ ದಿನ ಯಾವುದು ತೊಂದರೆ ಕೊಟ್ಟಿತ್ತೋ, ಕಡಲು ಶಾಂತವಾದ ಮೇಲೆ ಅದೇ ಉಪಕಾರವಾಯಿತು.

ಟಕ್ ಟಕ್ ಅಂದಾಗ ಎಳೆಯಬಾರದು. ಒಂದು, ಎರಡು ಎಣಿಸಿ ರಾಡ್ ತುದಿ ಮೆಲ್ಲಗೆ ಎತ್ತಿದರೆ ಸಾಕು. ಇಷ್ಟು ಕಲಿಯಲು ಒಂಬತ್ತು ಮೀನು ಬಿಟ್ಟುಕೊಟ್ಟೆ.

ಅಕ್ಟೋಬರ್ ಕೊನೆ, ಎರೆಯ ವಿಷಯ

ಮಾರ್ಕೆಟಿನಲ್ಲಿ ಕಾಲು ಕೆಜಿ ಸಣ್ಣ ಸಿಗಡಿ ಕೇಳಿದೆ. "ತಿನ್ಲಿಕ್ಕಾ, ಗಾಳಕ್ಕಾ?" ಅಂತ ಮೀನಿನ ಅಕ್ಕ ಕೇಳಿದಳು. ಗಾಳಕ್ಕೆ ಅಂದದ್ದೇ ತಡ, ನಿನ್ನೆಯದ್ದನ್ನು ಅರ್ಧ ರೇಟಿಗೆ ಕೊಟ್ಟಳು. ಸಿಪ್ಪೆ ತೆಗೆದು, ಕಿರುಬೆರಳಿನ ಉಗುರಿನಷ್ಟು ತುಂಡು ಮಾಡಿ, ಕಲ್ಲುಪ್ಪಿನಲ್ಲಿ ಒಂದು ರಾತ್ರಿ ಇಟ್ಟರೆ ಗಟ್ಟಿಯಾಗಿ ಗಾಳದಲ್ಲಿ ನಿಲ್ಲುತ್ತದೆ. ಹೆಂಡತಿ ಫ್ರಿಜ್ಜಿನಲ್ಲಿ ಅದಕ್ಕೆ ಬೇರೆ ಡಬ್ಬಿ ಕೊಟ್ಟಿದ್ದಾಳೆ, ಮುಚ್ಚಳದ ಮೇಲೆ "ಮುಟ್ಟಬೇಡಿ" ಅಂತ ಬರೆದಿದ್ದಾಳೆ.

ಇದಕ್ಕಿಂತ ಒಳ್ಳೆಯ ಎರೆ ದಂಡೆಯಲ್ಲೇ ಬಿಟ್ಟಿ ಸಿಗುತ್ತದೆ. ತೆರೆ ಹಿಂದೆ ಸರಿಯುವಾಗ ಒದ್ದೆ ಮರಳಲ್ಲಿ ಸಣ್ಣ ಸಣ್ಣ ಬಾಣದ ತುದಿಯಂಥ ಗೀರು ಕಾಣುತ್ತವೆ. ಮೊಟ್ಟೆಯಾಕಾರದ ಮರಳು ಏಡಿ ಮೀಸೆ ಹೊರಗೆ ಚಾಚಿ ನೀರು ಸೋಸುವ ಗುರುತು ಅದು. ಅಲ್ಲೇ ಬೊಗಸೆ ಹಾಕಿ ಬಗೆದರೆ ಕೈಗೆ ಕಚಗುಳಿ ಇಡುತ್ತಾ ನಾಲ್ಕೈದು ಸಿಗುತ್ತವೆ. ತಡ ಮಾಡಿದರೆ ಹಿಮ್ಮುಖವಾಗಿ ಮರಳಿಗಿಳಿದು ಮಾಯ. ಮಗಳಿಗೆ ಮೀನಿಗಿಂತ ಇದೇ ಇಷ್ಟ. ಹಿಡಿದದ್ದರಲ್ಲಿ ಅರ್ಧ ಅವಳೇ ವಾಪಸ್ ಬಿಡುತ್ತಾಳೆ.

ನವೆಂಬರ್, ತೇಡೆಯ ಕತೆ

ಸಂಜೆ ಹೋದದ್ದೇ ತಪ್ಪು. ಮಧ್ಯಾಹ್ನದ ಮೇಲೆ ಪಡುಗಾಳಿ ಎದುರಿಗೆ ಬೀಸುತ್ತದೆ. ಹಗುರ ಸೀಸ ಗಾಳಿಗೆ ನಿಧಾನವಾಗಿ, ದಾರ ಗಾಳಿಪಟದ ಹಾಗೆ ಡೊಂಕಾಗಿ, ರೀಲಿನಲ್ಲಿ ಸಡಿಲ ಸುತ್ತು ಬಿದ್ದು, ಮುಂದಿನ ಎಸೆತಕ್ಕೆ ಕಾಗೆ ಗೂಡಿನಂಥ ಸಿಕ್ಕು. ಇಪ್ಪತ್ತು ಮೀಟರ್ ಬ್ರೇಡ್ ಕತ್ತರಿಸಿದೆ. ಈಗ ಪ್ರತೀ ಎಸೆತದ ನಂತರ ಬೇಲನ್ನು, ಅಂದರೆ ರೀಲಿನ ತಂತಿ ಬಳೆಯನ್ನು, ಕೈಯಲ್ಲೇ ಮುಚ್ಚಿ, ದಾರ ಒಮ್ಮೆ ಬಿಗಿ ಎಳೆದು, ಆಮೇಲೆ ಸುತ್ತುತ್ತೇನೆ. ಸಿಕ್ಕು ಅಪರೂಪವಾಗಿದೆ.

ಕತ್ತಲಾಗುವ ಹೊತ್ತಿಗೆ ಭಾರವಾದದ್ದೊಂದು ಹಿಡಿಯಿತು. ಖುಷಿಯಲ್ಲಿ ಮೇಲೆಳೆದರೆ ತೇಡೆ, ಮೀಸೆಯ ಕ್ಯಾಟ್‌ಫಿಶ್. ಟಾರ್ಚ್ ಬಾಯಲ್ಲಿ ಕಚ್ಚಿ ಬಿಡಿಸಲು ಹೋದೆ, ಅದು ಕೊಡವಿತು, ಪಕ್ಕದ ಮುಳ್ಳು ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ತೇಡೆಗೆ ಬೆನ್ನ ಮೇಲೊಂದು, ಎರಡು ಪಕ್ಕ ಒಂದೊಂದು, ಮೂರು ವಿಷದ ಮುಳ್ಳು. ಎರಡು ನಿಮಿಷದಲ್ಲಿ ಉರಿ ಮೊಣಕೈ ತನಕ ಏರಿತು. ಹತ್ತಿರದ ಮನೆಯವರು ಬಿಸಿನೀರು ಕೊಟ್ಟರು. ಇದಕ್ಕೆ ಅದೇ ಮದ್ದು: ಸುಡದಷ್ಟು, ಆದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಮುಳುಗಿಸಿ ಇಡುವುದು. ನೋವಿನ ಕೈಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಒಳ್ಳೆಯ ಕೈಯಲ್ಲಿ ಮೊದಲು ನೋಡಬೇಕು. ಮುಕ್ಕಾಲು ಗಂಟೆಯಲ್ಲಿ ಉರಿ ಇಳಿಯಿತು. ಮಾರನೇ ದಿನ ಡಾಕ್ಟರ್ ಹತ್ತಿರ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಈಗ ಚೀಲದಲ್ಲಿ ಉದ್ದ ಮೂತಿಯ ಇಕ್ಕುಳ ಇದೆ. ನೀರಿಗಿಳಿಯಬೇಕಾದರೆ ಕಾಲು ಎಳೆದುಕೊಂಡೇ ನಡೆಯುತ್ತೇನೆ, ಮರಳಲ್ಲಿ ತೊರಕೆ, ಬಾಲದಲ್ಲಿ ಮುಳ್ಳಿರುವ ಆ ಚಪ್ಪಟೆ ಮೀನು, ಮಲಗಿದ್ದರೆ ಎದ್ದು ಹೋಗಲಿ ಅಂತ.

ಡಿಸೆಂಬರ್, ಎರಡನೇ ಭಾನುವಾರ

ಏಳು ಕಾಣೆ, ಎರಡು ಪಫರ್. ಈ ಪಫರುಗಳು ಹೊಟ್ಟೆ ಊದಿಸಿಕೊಂಡು ಗುರ್ ಅನ್ನುತ್ತವೆ, ಹಲ್ಲಿನಿಂದ ಫ್ಲೋರೋಕಾರ್ಬನ್ ಕತ್ತರಿಸುತ್ತವೆ. ತಿನ್ನುವ ಮೀನಲ್ಲ, ವಿಷ. ಒಂದು ಬಂತು ಅಂದರೆ ಹಿಂದೆ ಗುಂಪೇ ಇರುತ್ತದೆ, ಐವತ್ತು ಹೆಜ್ಜೆ ಜಾಗ ಬದಲಿಸುವುದೇ ಲೇಸು.

ಏಳರಲ್ಲಿ ನಾಲ್ಕು ಗೆರೆ ದಾಟಿದ್ದವು. ದೊಡ್ಡದು ಇಪ್ಪತ್ತಾರು. ಹದಿನೈದು ಮೀಟರ್ ದೂರದಲ್ಲಿ ಹಿಡಿಯಿತು, ರೀಲ್ ಎರಡು ಸಲ ಕಿರ್ ಅಂತ ದಾರ ಬಿಟ್ಟುಕೊಟ್ಟಿತು. ಹಳೇ ರಾಡಿನಲ್ಲಾದರೆ ಇಂಥದ್ದು ಗೊತ್ತೇ ಆಗದೆ ಸೀಸದ ಜೊತೆ ಬಂದುಬಿಡುತ್ತಿತ್ತು.

ಮನೆಯಲ್ಲಿ ಜಗಳ. ನನಗೆ ರವಾ ಫ್ರೈ ಬೇಕು. ಇಷ್ಟು ತಾಜಾ ಕಾಣೆಗೆ ರವೆ ಅಂಗಿ ತೊಡಿಸುವುದು ಪಾಪ, ಹುಳಿ ಖಾರದ ಪುಳಿಮುಂಚಿಯೇ ಆಗಬೇಕು ಅಂತ ಅಮ್ಮ. ಎರಡೆರಡು ಅಂತ ರಾಜಿಯಾಯಿತು. ಪುಳಿಮುಂಚಿ ಮೊದಲು ಮುಗಿಯಿತು, ಅದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.

ಡಿಸೆಂಬರ್, ಮೂರನೇ ವಾರ

ರೀಲ್ ಬಿಚ್ಚಿದೆ. ಹೋಗಿ ಬಂದ ಕೂಡಲೇ ನಲ್ಲಿ ಪೂರ್ತಿ ತಿರುಗಿಸಿ ರೀಲ್ ತೊಳೆಯುತ್ತಿದ್ದೆ, ಅದು ತಪ್ಪು. ಜೋರು ನೀರು ಉಪ್ಪನ್ನು ಇನ್ನೂ ಒಳಕ್ಕೆ ನೂಕುತ್ತದೆ. ಡ್ರ್ಯಾಗ್, ಅಂದರೆ ದಾರದ ಬಿಗಿ ಹೊಂದಿಸುವ ತಿರುಪು, ಬಿಗಿ ಮಾಡಿ, ಮೇಲಿಂದ ಮೆಲ್ಲಗೆ ನೀರು ಸುರಿದು, ಒರೆಸಿ, ಡ್ರ್ಯಾಗ್ ಮತ್ತೆ ಸಡಿಲಿಸಿ ನೆರಳಲ್ಲಿ ಇಡಬೇಕು. ದಾರ ಹಾಯುವ ಸಣ್ಣ ಉರುಳೆ ಆಗಲೇ ಬಿಗಿಯಾಗಿತ್ತು. ಒಂದು ತೊಟ್ಟು ಎಣ್ಣೆಗೆ ಸರಿಹೋಯಿತು.

ಹನ್ನೆರಡು ಅಡಿಯ ರಾಡನ್ನು ಕೊಡಲು ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ದಾರಕ್ಕೆ ಊರುಗೋಲಾಗಿ ಅಮ್ಮ ಅದನ್ನು ಯಾವಾಗಲೋ ತಗೊಂಡುಬಿಟ್ಟಿದ್ದಾಳೆ, ನಾನು ನೋಡಿದ್ದು ನಿನ್ನೆ.

ನಾಳೆ ನವಮಿ. ನೀರು ತುಂಬುವುದು ಬೆಳಿಗ್ಗೆ ಆರೂವರೆ ಸುಮಾರಿಗೆ, ಅಂದರೆ ನಾಲ್ಕೂವರೆಗೆ ಏಳಬೇಕು. ತಗ್ಗು ಹೋದ ವಾರಕ್ಕಿಂತ ನೂರು ಹೆಜ್ಜೆ ತೆಂಕಿಗೆ ಸರಿದಿದೆ, ಮೊನ್ನೆ ಇಳಿತದಲ್ಲಿ ಹೋಗಿ ಬಾಗಿದ ತೆಂಗಿನ ಮರದ ಗುರುತು ಇಟ್ಟು ಬಂದಿದ್ದೇನೆ. ಸಿಗಡಿಗೆ ಉಪ್ಪು ಹಾಕಿಯಾಯಿತು. ಮಗಳೂ ಬರುತ್ತಾಳಂತೆ, ಏಡಿ ಹಿಡಿಯಲಿಕ್ಕೆ.