‘ಮಂಗನಿಂದ ಬಂತು’ ಅಂದುಬಿಟ್ಟೆ

ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನಾನು ಐಸಿಟಿಸಿ ಕೌನ್ಸೆಲರ್, ಅಂದರೆ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡುವ ಕೇಂದ್ರದವಳು. ಹನ್ನೊಂದು ವರ್ಷ ಆಯಿತು. ಪಾಸಿಟಿವ್ ರಿಪೋರ್ಟ್ ಹೇಳುವಾಗ ಈಗ ಕೈ ನಡುಗುವುದಿಲ್ಲ. ಆದರೆ ಹೋದ ಬೇಸಿಗೆಯ ಒಂದು ಬೆಳಗ್ಗೆ ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೆ ಎರಡು ವಾರ ಮೊದಲು ಅಂಜನಾದ್ರಿ ಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಐಇಸಿ, ಅಂದರೆ ಎಚ್‌ಐವಿ ಬಗ್ಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ ಇತ್ತು. ಅಂಗನವಾಡಿ ಕಟ್ಟೆ ಮೇಲೆ ನಲವತ್ತು ಜನ ಹೆಂಗಸರು ಕೂತಿದ್ದರು. ಫ್ಲಿಪ್ ಚಾರ್ಟ್ ಮುಗಿಸಿದೆ. ಹಾಜರಿ ಸಹಿ ಆಯಿತು, ಫೋಟೋ ಆಯಿತು. ಮಧ್ಯಾಹ್ನ ಇನ್ನೊಂದು ಊರು ಮುಗಿಸಬೇಕಿತ್ತು. ಎದ್ದು ನಿಂತಾಗ ಒಬ್ಬಾಕೆ ಕೇಳಿದಳು: “ಮೇಡಮ್ಮರ, ಈ ರೋಗ ಮೊದಲ ಎಲ್ಲಿಂದ ಬಂತ್ರಿ?”

“ಮಂಗನಿಂದ ಬಂತು ಕಣ್ರವ್ವಾ” ಅಂದೆ. ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ಹಿಂದೆ ಕೂತಿದ್ದ ಒಬ್ಬ ಅಜ್ಜಿ, “ಹನಮಪ್ಪನ ನಾಡಿನ್ಯಾಗ ಇಂಥಾ ಮಾತ ಆಡಬ್ಯಾಡವಾ” ಅಂದಳು. ಅವಳ ಮಾತಿಗೆ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಎರಡು ವಾರದ ನಂತರ ಬೆಳಗ್ಗೆ ಹತ್ತಕ್ಕೆ ಒಬ್ಬ ತಾಯಿ ಬಂದಳು. ಜೊತೆಗೆ ಎಂಟು ವರ್ಷದ ಹುಡುಗ. ಆ ಬಿಸಿಲಲ್ಲೂ ತುಂಬು ತೋಳಿನ ಅಂಗಿ. “ನಮ್ಮ ಹುಡುಗಗ ಎಚ್‌ಐವಿ ಟೆಸ್ಟ್ ಮಾಡ್ರಿ” ಅಂದಳು. ದನಿ ಹೊರಗೇ ಬರುತ್ತಿರಲಿಲ್ಲ.

ನಾನು ರಿಜಿಸ್ಟರ್ ತೆರೆದೆ. ಹೆಸರು, ವಯಸ್ಸು, ಊರು. ಬಸುರಿ ಇದ್ದಾಗ ಟೆಸ್ಟ್ ಆಗಿತ್ತಾ? ಹುಡುಗನಿಗೆ ರಕ್ತ ಹಾಕಿಸಿದ್ದೀರಾ? ಯಜಮಾನರು ಎಲ್ಲಿ ಕೆಲಸ ಮಾಡುತ್ತಾರೆ? ಬಳ್ಳಾರಿ ಕಡೆ ಲಾರಿ ಓಡಿಸುತ್ತಾರೆ ಅಂದಳು. ಅಷ್ಟು ಕೇಳಿದ್ದೇ ನನ್ನ ತಲೆಯಲ್ಲಿ ಒಂದು ಕಥೆ ತಯಾರಾಯಿತು. ಅವರು ಮನೆಗೆ ಯಾವಾಗ ಬರುತ್ತಾರೆ, ಅವರಿಗೆ ಟೆಸ್ಟ್ ಆಗಿದೆಯಾ, ನಿಮಗೆ ಬಿಳಿ ಹೋಗುತ್ತದಾ ಅಂತ ಕೇಳುತ್ತಲೇ ಹೋದೆ. ಆಕೆಯ ಮುಖ ಸಣ್ಣದಾಗುತ್ತಾ ಬಂತು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಹತ್ತು ನಿಮಿಷ ಹೀಗೇ ಹೋಯಿತು. ‘ಟೆಸ್ಟ್ ಯಾಕೆ ಬೇಕು ಅನ್ನಿಸಿತವ್ವಾ’ ಅನ್ನುವ ಒಂದೇ ಪ್ರಶ್ನೆ ನಾನು ಕೇಳಲಿಲ್ಲ. ನಮ್ಮ ಫಾರ್ಮ್‌ನಲ್ಲಿ ಆ ಪ್ರಶ್ನೆ ಕೊನೆಗೆ ಬರುತ್ತದೆ.

ಕೊನೆಗೆ ಹುಡುಗನೇ ಹೇಳಿದ. “ನನಗ ಮಂಗ್ಯಾ ಕಡದೈತ್ರಿ.”

ತೋಳು ಮಡಚಿದೆ. ಮೊಣಕೈ ಕೆಳಗೆ ಹಲ್ಲು ಇಳಿದ ಗಾಯ, ಮೇಲೆ ಅರಿಶಿನ, ಸುಣ್ಣ. ಬೆಟ್ಟದ ಮೆಟ್ಟಿಲ ಹತ್ತಿರ ಬಾಳೆಹಣ್ಣು ಕೊಡಲು ಹೋಗಿದ್ದನಂತೆ. ಎಷ್ಟು ದಿನ ಆಯಿತು? ನಾಲ್ಕು ದಿನ. ಆಸ್ಪತ್ರೆಗೆ ಯಾಕೆ ಬರಲಿಲ್ಲ? ತಾಯಿ ನನ್ನ ಮುಖ ನೋಡಿ ಅಂದಳು: “ನೀವಽ ಹೇಳಿದ್ರಲ್ರೀ, ಮಂಗ್ಯಾನಿಂದ ಆ ರೋಗ ಬರತೈತಿ ಅಂತ. ಊರಾಗ ಗೊತ್ತಾದ್ರ ಸಾಲಿಗೆ ಸೇರಿಸ್ತಾರೇನ್ರಿ ನಮ್ಮ ಹುಡುಗನ್ನ?”

ಮಂಗ ಕಚ್ಚಿದರೆ ನಾವು ಹೆದರಬೇಕಾದ್ದು ರೇಬೀಸ್‌ಗೆ. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ಗಾಯ ತೊಳೆಯಬೇಕು. ಅವತ್ತೇ ಲಸಿಕೆ ಶುರು ಆಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಹೆಚ್ಚೂಕಡಿಮೆ ಆಗದ ಮಾತು. ನನ್ನ ಒಂದು ಮಾತಿನಿಂದ ಈ ಮಗುವಿನ ನಾಲ್ಕು ದಿನ ಹೋಗಿತ್ತು.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಗಾಬರಿಯಲ್ಲಿ ನಮ್ಮ ಚೀಟಿಯ ಮೇಲೆ ‘ಎಆರ್‌ವಿ, ಅರ್ಜೆಂಟ್’ ಅಂತ ಬರೆದು ಕೊಟ್ಟು, ಇಂಜೆಕ್ಷನ್ ರೂಮಿಗೆ ಹೋಗಿ ಅಂದೆ. ಕ್ಯಾಶುವಾಲ್ಟಿಯಲ್ಲಿ ಎಆರ್‌ವಿ ಅಂದರೆ ನಾಯಿ ಕಚ್ಚಿದಾಗಿನ ಸೂಜಿ. ನಮ್ಮ ವಿಭಾಗದಲ್ಲಿ ಎಆರ್‌ವಿ ಅಂದರೆ ಎಚ್‌ಐವಿ ಮಾತ್ರೆ. ಚೀಟಿ ಐಸಿಟಿಸಿಯದ್ದು ಅಲ್ವಾ, ಫಾರ್ಮಸಿಯವರು ನೇರವಾಗಿ ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆಯ ವಿಭಾಗದ ಕಡೆ ಕೈ ತೋರಿಸಿದರು. ಇಪ್ಪತ್ತು ನಿಮಿಷ ಬಿಟ್ಟು ನಾನು ಹುಡುಕಿಕೊಂಡು ಹೋದಾಗ ಆಕೆ ಎಆರ್‌ಟಿ ಬೋರ್ಡಿನ ಕೆಳಗೆ ನೆಲದ ಮೇಲೆ ಕೂತು ಅಳುತ್ತಿದ್ದಳು. ಟೆಸ್ಟ್ ಮಾಡದೇ ರೋಗ ಇದೆ ಅಂತ ಹೇಳಿಬಿಟ್ಟರು ಅಂದುಕೊಂಡಿದ್ದಳು. ಹುಡುಗ ಅವಳ ಕಣ್ಣು ಒರೆಸುತ್ತಿದ್ದ.

ಹುಡುಗನನ್ನು ಎತ್ತಿಕೊಂಡೇ ಹೋದೆ. ಗಾಯ ತೊಳೆದರು. ಗಾಯದ ಒಳಗೆ, ಸುತ್ತ ಆರ್‌ಐಜಿ, ಅಂದರೆ ರೇಬೀಸ್ ವೈರಸ್ ತಡೆಯುವ ಸಿದ್ಧ ಪ್ರತಿಕಾಯದ ಸೂಜಿ ಹಾಕಿದರು. ಎರಡೂ ತೋಳಿಗೆ ಲಸಿಕೆ ಕೊಟ್ಟರು. ತಡ ಆದರೂ ಕೊಡಲೇಬೇಕು, ಕೊಟ್ಟರೆ ಉಪಯೋಗ ಇದೆ ಅಂತ ಡಾಕ್ಟರ್ ಹೇಳಿದಾಗ ನನಗೆ ಉಸಿರು ಬಂತು. ಮುಂದಿನ ಸೂಜಿ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಪ್ರತಿ ಸಲ ಹಿಂದಿನ ದಿನವೇ ಫೋನ್ ಮಾಡಿ ನೆನಪಿಸಿದೆ.

ಅವತ್ತು ರಾತ್ರಿ ಕೂತು ಓದಿದೆ. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಆಫ್ರಿಕಾದ 40ಕ್ಕೂ ಹೆಚ್ಚು ಜಾತಿಯ ಮಂಗ, ವಾನರಗಳಲ್ಲಿ ಎಚ್‌ಐವಿಯ ಹತ್ತಿರದ ನೆಂಟನಾದ ಎಸ್‌ಐವಿ ಅನ್ನುವ ವೈರಸ್ ಇದೆ. ಒಂದೊಂದು ಜಾತಿಗೆ ಅದರದೇ ವೈರಸ್. ಲೋಕವೆಲ್ಲ ಹರಡಿದ ಎಚ್‌ಐವಿ-1 ಬಂದದ್ದು ಕ್ಯಾಮರೂನಿನ ಆಗ್ನೇಯ ಕಾಡಿನ ಚಿಂಪಾಂಜಿಗಳಿಂದ. ಬೇಟೆಯಾಡಿ ಮಾಂಸ ಕೊಯ್ಯುವಾಗ ಪ್ರಾಣಿಯ ರಕ್ತ ಮನುಷ್ಯನ ಗಾಯಕ್ಕೆ ತಾಗಿರಬೇಕು ಅಂತ ವಿಜ್ಞಾನಿಗಳು ಹೇಳುತ್ತಾರೆ. ಅದೂ ಸುಮಾರು ನೂರು ವರ್ಷದ ಹಿಂದೆ. ಆಫ್ರಿಕಾದ ಕಾಂಗೋ ದೇಶದ ಕಿನ್ಶಾಸಾ ಪಟ್ಟಣದಲ್ಲಿ 1959 ಮತ್ತು 1960ರಲ್ಲಿ ತೆಗೆದಿಟ್ಟ ಸ್ಯಾಂಪಲ್‌ಗಳಲ್ಲಿ ವೈರಸ್ ಸಿಕ್ಕಿತು. ಎರಡರ ನಡುವೆ ಆಗಲೇ ಬಹಳ ವ್ಯತ್ಯಾಸ ಇತ್ತು. ವೈರಸ್ ಅಷ್ಟು ಬದಲಾಗಲು ಎಷ್ಟು ವರ್ಷ ಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಿದರೆ 1900ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಅದನ್ನು ಹರಡಿದ್ದು ಮಂಗ ಅಲ್ಲ, ಮನುಷ್ಯರು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈಯಲ್ಲಿ ಮೊದಲು ಪತ್ತೆಯಾದಾಗಲೂ ಅಷ್ಟೇ.

ಎಚ್‌ಐವಿ-2 ಬೇರೆಯೇ ಕಡೆಯಿಂದ ಬಂದದ್ದು. ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೆ ಅನ್ನುವ ಮಂಗನಿಂದ. ಹನ್ನೊಂದು ವರ್ಷದಿಂದ ಒಂದು, ಎರಡು ಅಂತ ರಿಪೋರ್ಟ್‌ನಲ್ಲಿ ಗುರುತು ಹಾಕುತ್ತಿದ್ದೇನೆ. ಅವು ಎರಡು ಬೇರೆ ಪ್ರಾಣಿಗಳಿಂದ ಬಂದವು ಅನ್ನುವುದು ನನಗೆ ಗೊತ್ತಿರಲಿಲ್ಲ. ನಮಗೆ ಯಾವ ಟ್ರೈನಿಂಗ್‌ನಲ್ಲೂ ಹೇಳಿರಲಿಲ್ಲ. ಜನ ಮಾತ್ರ ಎಲ್ಲ ಊರಲ್ಲೂ ಮೊದಲು ಕೇಳುವುದೇ ಇದನ್ನ. ಟಾರ್ಗೆಟ್‌ನಲ್ಲಿ ತಲೆ ಎಣಿಸುತ್ತಾರೆ, ಪ್ರಶ್ನೆ ಎಣಿಸುವುದಿಲ್ಲ.

ನನಗೆ ಬೇಕಿದ್ದ ಉತ್ತರ ಕೊನೆಗೆ ಸಿಕ್ಕಿತು. ಏಷ್ಯಾದ ಮಂಗಗಳಲ್ಲಿ ಈ ವೈರಸ್ ಸಹಜವಾಗಿ ಇಲ್ಲ. 1985ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿದ್ದ ಏಷ್ಯಾದ ರೀಸಸ್ ಮಂಗಗಳಲ್ಲಿ ಅದು ಕಂಡಾಗ, ಮೂಲ ಹುಡುಕಿದರೆ ಅಮೆರಿಕದಲ್ಲೇ ಸಾಕಿದ್ದ ಆಫ್ರಿಕಾದ ಮ್ಯಾಂಗಬೆಗಳ ವೈರಸ್ ಆಗಿತ್ತು. ಮ್ಯಾಂಗಬೆ ಅದರ ಜೊತೆ ಆರಾಮಾಗಿ ಬದುಕುತ್ತದೆ. ಪಾಪ, ರೀಸಸ್ ಮಂಗಕ್ಕೆ ಏಡ್ಸ್ ಬಂದು ಸತ್ತುಹೋಗುತ್ತದೆ.

ಮುಂದಿನ ತಿಂಗಳು ಅದೇ ಕಟ್ಟೆಗೆ ಹೋದೆ. ಟೂರ್ ಪ್ಲಾನ್‌ನಲ್ಲಿ ಇರಲಿಲ್ಲ, ರಜೆ ಹಾಕಿ ಹೋದೆ. ಹೋದ ಸಲ ನಾನು ತಪ್ಪು ಹೇಳಿದ್ದೆ ಅಂತಲೇ ಶುರು ಮಾಡಿದೆ. ನಮ್ಮ ಬೆಟ್ಟದ ಮಂಗ ಆಗಲಿ ಮುಸ್ಯಾ ಆಗಲಿ, ಯಾವುದಕ್ಕೂ ಎಚ್‌ಐವಿ ಇಲ್ಲ ಅಂದೆ. ಒಬ್ಬಾಕೆ ಮಲೆನಾಡಿನ ಮಂಗನ ಕಾಯಿಲೆ ಬಗ್ಗೆ ಕೇಳಿದಳು. ಅದು ಉಣ್ಣಿ ಹುಳ ಕಚ್ಚಿ ಬರುವ ಬೇರೆ ಜ್ವರ, ಅದರಲ್ಲಿ ಮಂಗಗಳೂ ಸಾಯುತ್ತವೆ ಅಂತ ಬಿಡಿಸಿ ಹೇಳಿದೆ. ಈ ಸಲ ಬ್ಯಾಗು ಕೆಳಗೇ ಇತ್ತು.

ಆ ಅಜ್ಜಿ ಮುಂದೆ ಬಂದು ಕೂತಿದ್ದಳು. “ಹಂಗಾರ ಮಂಗ್ಯಾ ಕಡದ್ರ ಎಲ್ಲಿ ಹೋಗಬೇಕವಾ?” ಅಂತ ಕೇಳಿದಳು.

“ಮೊದಲು ನಳದ ಕೆಳಗ, ಸೋಪು ಹಚ್ಚಿ. ಆಮ್ಯಾಲ ಅವತ್ತಽ ದವಾಖಾನಿಗೆ. ನಾಯಿ ಕಡದಾಗ ಕೊಡೋ ಸೂಜಿ ಬೇಕು ಅನ್ನಬೇಕಜ್ಜಿ.”

ಈಗ ಚೀಟಿಯಲ್ಲೂ ಹಾಗೇ ಬರೆಯುತ್ತೇನೆ. ನಾಯಿ ಕಚ್ಚಿದ ಸೂಜಿ ಅಂತ, ಪೂರ್ತಿ ಕನ್ನಡದಲ್ಲಿ. ಫ್ಲಿಪ್ ಚಾರ್ಟ್‌ಗೆ ಒಂದು ಪುಟ ಸೇರಿಸಿ ಅಂತ ಮೇಲಿನವರಿಗೆ ಎರಡು ಸಲ ಪತ್ರ ಬರೆದೆ. ಉತ್ತರ ಬಂದಿಲ್ಲ. ಕೊನೆಯ ಪುಟದ ಹಿಂದೆ ನಾನೇ ಒಂದು ಹಾಳೆ ಅಂಟಿಸಿದ್ದೇನೆ.