ಇವರು ದಾಬಸ್‌ಪೇಟೆ

"ರೀ, ಇದು ಎಲ್ಲಿ ಇಳಿಯುತ್ತೆ?"

ಕಂಡಕ್ಟರ್ ತಲೆ ಎತ್ತಲಿಲ್ಲ. ಟಿಕೆಟ್ ಮಷಿನ್ ಒತ್ತುತ್ತಲೇ, "ಇವರು ದಾಬಸ್‌ಪೇಟೆ" ಅಂದರು.

ಮಂಗಳವಾರ ತುಮಕೂರಿಂದ ಬೆಂಗಳೂರಿಗೆ ಕೆಂಪು ಬಸ್ಸಲ್ಲಿ ಬರುವಾಗ ನಡೆದದ್ದು ಇಷ್ಟೇ. ಜಗಳ ಇಲ್ಲ, ಗಲಾಟೆ ಇಲ್ಲ. ಆದರೂ ಅವತ್ತಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ.

ಮೂರು ಜನರ ಸೀಟು. ಕಿಟಕಿ ಪಕ್ಕ ನಾನು, ಮಧ್ಯ ಒಬ್ಬ ಹೆಂಗಸು. ಆ ತುದಿಗೆ ಬಂದು ಕೂತವರು ಟ್ರಾನ್ಸ್ ಮಹಿಳೆ. ಹಸಿರು ಕಾಟನ್ ಸೀರೆ, ತೊಡೆ ಮೇಲೆ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್. ಮಧ್ಯದವರು ನನ್ನ ಕಡೆ ಸರಿದರು, ಇನ್ನೂ ಸರಿದರು. ಕೊನೆಗೆ ನನ್ನ ಮೊಣಕೈ ಕಿಟಕಿ ಸರಳಿಗೆ ಒತ್ತಿಕೊಂಡಿತು.

ನನ್ನ ಆಧಾರನ್ನು ಕಂಡಕ್ಟರ್ ಸರಿಯಾಗಿ ನೋಡಲೂ ಇಲ್ಲ, ಹೆಂಗಸರಿಗೆ ಫ್ರೀ ಅಂತ ಕೊಡೋ ಝೀರೋ ಟಿಕೆಟ್ ಹರಿದು ಕೊಟ್ಟರು. ಹಸಿರು ಸೀರೆಯವರ ಸರದಿ ಬಂದಾಗ ಅವರೇ ನೋಟು ಮುಂದೆ ಹಿಡಿದರು.

"ನಿಮಗೂ ಫ್ರೀ ಇದೆ ಅಕ್ಕ."

"ಕಾರ್ಡಲ್ಲಿ ಇನ್ನೂ ಹಳೇ ಹೆಸರೇ ಇದೆ ಅಣ್ಣ. ಗಂಡು ಅಂತಾನೇ ಇದೆ. ಟಿಕೆಟ್ ಕೊಟ್ಬಿಡಿ."

"ಚೆಕಿಂಗ್ ಬಂದ್ರೆ ನನ್ನ ತಲೆಗೆ ಬರುತ್ತೆ ಅಕ್ಕ. ಬೇಗ ಸರಿ ಮಾಡಿಸ್ಕೊಳ್ಳಿ" ಅಂತ ದುಡ್ಡು ತಗೊಂಡರು. ಆಗಲೇ ಮಧ್ಯದವರ ಪ್ರಶ್ನೆ ಬಂದದ್ದು.

ಕಂಡಕ್ಟರ್ ಮಹಾತ್ಮ ಅಂತೇನೂ ಹೇಳುತ್ತಿಲ್ಲ. ಸ್ವಲ್ಪ ಮುಂಚೆ ಚಿಲ್ಲರೆ ವಿಷಯಕ್ಕೆ ಕಾಲೇಜು ಹುಡುಗನೊಬ್ಬನ ಮೇಲೆ ಚೆನ್ನಾಗಿಯೇ ರೇಗಾಡಿದ್ದರು. ಆದರೆ ಇಲ್ಲಿ "ಹಂಗೆಲ್ಲಾ ಅನ್ನಬಾರದಮ್ಮ" ಅಂತ ದನಿ ಎತ್ತಿ ಬುದ್ಧಿ ಹೇಳಿದ್ದರೆ ಅರ್ಧ ಬಸ್ಸು ತಿರುಗಿ ನೋಡುತ್ತಿತ್ತು. ನೋಡುವುದು ಪ್ರಶ್ನೆ ಕೇಳಿದವರನ್ನಲ್ಲ, ಹಸಿರು ಸೀರೆಯವರನ್ನು. "ಇವರು ದಾಬಸ್‌ಪೇಟೆ." ಅಷ್ಟು ಹೇಳಿ ಮುಂದಿನ ಸೀಟಿಗೆ ಹೋದರು. ಇಷ್ಟು ಹದವಾಗಿ ಮಾತಾಡೋದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೋ ನನಗಂತೂ ಗೊತ್ತಿಲ್ಲ.

ಮಧ್ಯದವರು ಕೆಟ್ಟವರು ಅಂತಲೂ ಅನಿಸಲಿಲ್ಲ. ನಮ್ಮ ಕಡೆ ಮಕ್ಕಳನ್ನೂ "ಅದು" ಅಂತೀವಿ. "ಪಾಪ, ಅದಕ್ಕೇನು ಗೊತ್ತು" ಅಂತ ಮುದ್ದಿಗೆ ಅಂತೀವಿ. ಆದರೆ ನಲವತ್ತು ದಾಟಿದ, ಸ್ವಂತ ದುಡ್ಡಲ್ಲಿ ಟಿಕೆಟ್ ತಗೊಂಡು ಮಂಡಿ ತಗಲುವಷ್ಟು ಹತ್ತಿರ ಕೂತವರನ್ನು, ಅವರನ್ನೇ ಕೇಳದೆ ಕಂಡಕ್ಟರನ್ನು ಕೇಳೋದು ಯಾವ ಸೀಮೆ ಮುದ್ದು? ದಾಬಸ್‌ಪೇಟೆ ದಾಟಿದ ಮೇಲೆ ಮಧ್ಯದವರು ನನ್ನ ಕಡೆ ಬಾಗಿ, "ಪಾಪ, ಅದಕ್ಕೆ ಯಾರೂ ದಿಕ್ಕಿರಲ್ಲ ಅಲ್ವಾ" ಅಂದರು. ಯಾರೂ ಇಲ್ಲದವರು ಮೂರು ಡಬ್ಬಿ ಊಟ ಕಟ್ಟಿಕೊಂಡು ಯಾರಿಗೆ ಹೋಗ್ತಾರೆ ಹೇಳಿ!

ಇದೇ ನಾವು, ತಲೆ ಮೇಲೆ ಯಲ್ಲಮ್ಮನ ಕೊಡ ಹೊತ್ತು ಜೋಗತಿ ಬಂದರೆ ಕೈ ಮುಗಿಯುತ್ತೇವೆ. ಟ್ರಾನ್ಸ್ ಮಹಿಳೆಯೇ ಆದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ನಮ್ಮ ಮನೆ ವಾಟ್ಸಾಪ್ ಗ್ರೂಪಿಗೂ ಬಂತು. ನಮಸ್ಕಾರದ ಎಮೋಜಿ ಹಾಕದವರೇ ಇಲ್ಲ. ಕೊಡ ಇಲ್ಲದೆ, ಪ್ರಶಸ್ತಿ ಇಲ್ಲದೆ, ಊಟದ ಕ್ಯಾರಿಯರ್ ಹಿಡಿದು ಪಕ್ಕದ ಸೀಟಿಗೆ ಬಂದರೆ ಮಾತ್ರ ನಮಗೆ ಕಷ್ಟ.

ಕಾಗದದ ಕಥೆ ಬೇರೆಯೇ. ನಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಅಂತ ಹೇಳಿಕೊಳ್ಳುವುದು ಆಯಾ ಮನುಷ್ಯರಿಗೇ ಬಿಟ್ಟದ್ದು, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಯಾರೂ ಹಟ ಹಿಡಿಯುವಂತಿಲ್ಲ ಅಂತ 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಬಂದ ಕಾಯ್ದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಅಂತ ನಡುವೆ ಒಂದು ಮೆಟ್ಟಿಲು ಕಟ್ಟಿತು. ಟ್ರಾನ್ಸ್‌ಜೆಂಡರ್ ಅಂತಲ್ಲ, ಹೆಣ್ಣು ಅಂತಲೇ ಬರೆಸಬೇಕು ಅಂದರೆ ಆಪರೇಷನ್ ಆಗಿರಬೇಕು, ಆಸ್ಪತ್ರೆ ಕಾಗದ ತರಬೇಕು, ಇನ್ನೊಂದು ಪ್ರಮಾಣಪತ್ರಕ್ಕೆ ಮತ್ತೆ ಅರ್ಜಿ ಹಾಕಬೇಕು ಅಂತ ಆ ಕಾಯ್ದೆ ಹೇಳಿತು. ಕೋರ್ಟ್ ಕೊಟ್ಟದ್ದನ್ನು ಹಿಂಬಾಗಿಲಿಂದ ವಾಪಸ್ ತಗೊಂಡರು ಅಂತಲೇ ನನಗನಿಸುತ್ತದೆ.

2023ರ ಜೂನ್‌ನಲ್ಲಿ ಈ ಫ್ರೀ ಬಸ್ಸಿನ ಶಕ್ತಿ ಯೋಜನೆ ಶುರುವಾದಾಗಲೇ ಲಿಂಗತ್ವ ಅಲ್ಪಸಂಖ್ಯಾತರನ್ನೂ ಅದಕ್ಕೆ ಸೇರಿಸಿದ್ದರು. ಒಳ್ಳೇದೇ. ಆದರೆ ಬಸ್ಸಲ್ಲಿ ತೋರಿಸಬೇಕಾದದ್ದು ಸರ್ಕಾರದ ಆದೇಶ ಅಲ್ಲವಲ್ಲ, ಕೈಯಲ್ಲಿರೋ ಕಾರ್ಡು. ಅದರ ಹೆಸರು, ಫೋಟೋ, ಲಿಂಗ ಮೂರೂ ತಿದ್ದಿಸಬೇಕು ಅಂದರೆ ಆಧಾರ್ ಕೇಂದ್ರಕ್ಕೆ ಹೋಗಬೇಕು. ಹೋಗೋ ಬಸ್ಸಿಗೂ ಬರೋ ಬಸ್ಸಿಗೂ ಅವರು ದುಡ್ಡು ಕೊಟ್ಟೇ ಟಿಕೆಟ್ ತಗೋಬೇಕು.